ಮಕ್ಕಳ ಚಿತ್ರ, ಹಳೆಯ ಕಾಗದ, ಒಂದು ಹಿಡಿ ಮೆಂತ್ಯ

ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ ಒಂದು ದಿನ ನಿಮ್ಮ ಮನೆಯಲ್ಲಿರುವ ಕಾಗದವನ್ನೆಲ್ಲ ಜಗಲಿಯ ಮೇಲೆ ತಂದು ಹಾಕಿ ನೋಡಿ. ಮಗುವಿನ ಏಳೆಂಟು ನೋಟ್ ಪುಸ್ತಕ, ಎರಡು ಮೂರು ಡ್ರಾಯಿಂಗ್ ಪುಸ್ತಕ, ತಿಂಗಳುಗಟ್ಟಲೆಯ ದಿನಪತ್ರಿಕೆ, ಒಂದು ಕಟ್ಟು ಲಗ್ನಪತ್ರಿಕೆ, ಹೋದ ವರ್ಷದ ಕ್ಯಾಲೆಂಡರು. ಇವುಗಳಲ್ಲಿ ಪತ್ರಿಕೆಗಳು ಹಳೇ ಪೇಪರಿನವರ ತಕ್ಕಡಿಗೆ ಹೋಗುತ್ತವೆ. ನೋಟ್ ಪುಸ್ತಕಗಳೂ ಹೆಚ್ಚು ಕಡಿಮೆ ಅಲ್ಲಿಗೇ. ಕೊನೆಗೆ ಉಳಿಯುವುದು ಮಗು ಬರೆದ ಚಿತ್ರಗಳು. ಬಿಸಾಡಲು ಮನಸ್ಸು ಬಾರದು, ಇಡಲು ಜಾಗವಿಲ್ಲ. ಹಾಗಾಗಿ ಅವು ಬೀರುವಿನ ಮೇಲೆ ಹೋಗಿ ಕುಳಿತುಕೊಳ್ಳುತ್ತವೆ.

ಬಯಲುಸೀಮೆಯ ಮನೆಯಾದರೆ ಬೀರುವಿನ ಮೇಲೆ ಅವು ಹತ್ತು ವರ್ಷ ಇದ್ದಾವು. ಸಕಲೇಶಪುರ, ಆಲೂರಿನ ಗುಡ್ಡದ ಮನೆಗಳಲ್ಲಿ ಹಾಗಾಗುವುದಿಲ್ಲ. ಆಲೂರು, ಪಾಳ್ಯದ ಕಡೆ ಮಳೆ ಸ್ವಲ್ಪ ಸೌಮ್ಯ. ಅಲ್ಲಿಂದ ಪಶ್ಚಿಮಕ್ಕೆ ಹೆತ್ತೂರು, ಬಿಸಿಲೆ ಕಡೆಗೆ ಹೋದಷ್ಟೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಕಾಗದಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಗಾಳಿಯ ಆರ್ದ್ರತೆ ಶೇಕಡಾ 70ನ್ನು ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಮೊಳೆಯುತ್ತದೆ. ಬೂಷ್ಟಿನ ಹಿಂದೆ ಬೆಳ್ಳಿಬಣ್ಣದ ಪುಸ್ತಕದ ಹುಳು, ಮಣ್ಣಿನ ಗೋಡೆಯಾದರೆ ಗೆದ್ದಲು. ದಸರಾ ಹೊತ್ತಿಗೆ ಕೆಳಗಿಳಿಸಿ ನೋಡಿದರೆ ಮಗುವಿನ ಆನೆಗೆ ಸೊಂಡಿಲೇ ಇರುವುದಿಲ್ಲ.

ಮಕ್ಕಳ ಚಿತ್ರವನ್ನು ಮಳೆಗಾಲ ದಾಟಿಸುವುದು ಹೇಗೆ, ಮಿಕ್ಕ ಹಳೆಯ ಕಾಗದದಿಂದ ಮನೆಮಂದಿಯೆಲ್ಲ ಕೂತು ಏನು ಮಾಡಬಹುದು ಎಂಬುದು ಈ ಪುಟಗಳ ವಿಷಯ. ಇದಕ್ಕೆ ಬೇಕಾದ ವಿದ್ಯೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ಹಳೇ ಮೈಸೂರಿನ ಹಲವು ಮನೆಗಳ ಅಜ್ಜಿಯರಿಗೆ ಅದು ಗೊತ್ತಿದೆ. ಕೇಳುವವರು ಕಡಿಮೆಯಾಗಿದ್ದಾರೆ, ಅಷ್ಟೆ.

ಮೊದಲು ಮಗುವನ್ನು ಕೇಳಿ

ಕಾಗದ ನೆನೆಹಾಕುವ ಮುಂಚೆ ಒಂದು ಕೆಲಸವಿದೆ. ಯಾವ ಚಿತ್ರ ಇಡಬೇಕು, ಯಾವುದನ್ನು ನೀರಿಗೆ ಹಾಕಬಹುದು ಎಂದು ತೀರ್ಮಾನಿಸುವುದು. ನಾವು ದೊಡ್ಡವರು ಇದನ್ನು ಮಗು ಮಲಗಿದ ಮೇಲೆ ಮಾಡುತ್ತೇವೆ. ಚೆನ್ನಾಗಿ ಕಂಡದ್ದನ್ನು ಇಟ್ಟು ಗೀಚಿದ್ದನ್ನು ತೆಗೆಯುತ್ತೇವೆ. ಇದು ಎರಡು ಕಾರಣಕ್ಕೆ ಸರಿಯಲ್ಲ. ಚಿತ್ರ ಮಗುವಿನದು ಎಂಬುದು ಒಂದು. ನಮಗೆ ಚೆನ್ನಾಗಿ ಕಾಣುವ ಚಿತ್ರವೇ ಅನೇಕ ಸಲ ಮಗುವಿನ ಸ್ವಂತದ್ದಾಗಿರುವುದಿಲ್ಲ ಎಂಬುದು ಇನ್ನೊಂದು.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿದವರು ಬೇರೆ ಬೇರೆ ದೇಶಗಳಲ್ಲಿ ಹೆಚ್ಚು ಕಡಿಮೆ ಒಂದೇ ಕ್ರಮವನ್ನು ಕಂಡಿದ್ದಾರೆ. ಮೊದಲು ಬರೀ ಗೀಚು. ಮೂರು ನಾಲ್ಕು ವರ್ಷಕ್ಕೆ ಒಂದು ದುಂಡು, ಅದರೊಳಗೆ ಎರಡು ಕಣ್ಣು, ದುಂಡಿನಿಂದ ನೇರವಾಗಿ ಇಳಿಯುವ ಎರಡು ಕಾಲು. ತಲೆ ಉಂಟು, ಹೊಟ್ಟೆ ಇಲ್ಲ. ಆಮೇಲೆ ಮೈ ಬರುತ್ತದೆ, ಕೈಗೆ ಬೆರಳು ಬರುತ್ತವೆ. ಆರೇಳು ವರ್ಷಕ್ಕೆ ಹಾಳೆಯ ಕೆಳಗೆ ನೆಲದ ಗೆರೆಯೊಂದು, ಮೇಲೆ ಆಕಾಶದ ಪಟ್ಟಿಯೊಂದು ಕಾಣಿಸಿಕೊಳ್ಳುತ್ತವೆ, ನಡುವೆ ಖಾಲಿ. ಈ ಒಂದೊಂದು ಬದಲಾವಣೆಯೂ ಮಗು ಲೋಕವನ್ನು ಹೊಸದಾಗಿ ಜೋಡಿಸಿಕೊಂಡದ್ದರ ಗುರುತು. ಕಾಲು ತಲೆಗೇ ಅಂಟಿದ ಮೊದಲ ಮನುಷ್ಯ ಇಡಬೇಕಾದ ಚಿತ್ರ. ನಾವು ಎಸೆಯುವುದು ಅದನ್ನೇ.

ನಾವು ಇಡುವುದು ಯಾವುದನ್ನು? ಮೂರು ತ್ರಿಕೋನ ಬೆಟ್ಟ, ನಡುವೆ ಅರ್ಧ ಸೂರ್ಯ, ಬೆಟ್ಟದಿಂದ ಇಳಿದು ಬರುವ ನದಿ, ಎಡಕ್ಕೊಂದು ಮನೆ, ಬಲಕ್ಕೊಂದು ತೆಂಗಿನಮರ. ಈ ಚಿತ್ರ ನಮ್ಮ ದೇಶದ ಬಹುಪಾಲು ಮಕ್ಕಳ ಪುಸ್ತಕದಲ್ಲಿದೆ. ಬೋರ್ಡಿನ ಮೇಲಿನಿಂದ ಇಳಿದು ಬಂದದ್ದು. ಸಕಲೇಶಪುರದ ಮಗುವೂ ಇದನ್ನೇ ಬರೆಯುತ್ತದೆ. ಕಿಟಕಿಯಾಚೆ ಕಾಣುವ ಗುಡ್ಡಗಳು ಬೋರಲು ಹಾಕಿದ ಬಟ್ಟಲಿನಂತೆ ದುಂಡಗಿವೆ, ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಕಾಡು. ಹಾಳೆಯ ಮೇಲೆ ಮಾತ್ರ ತ್ರಿಕೋನ! ತ್ರಿಕೋನದ ಬೆಟ್ಟವನ್ನು ಧಾರಾಳವಾಗಿ ನೀರಿಗೆ ಹಾಕಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಮಗು ಬೇಡವೆಂದರೆ ಬೇಡ.

ಕೇಳುವ ರೀತಿ ಸರಳವಾಗಿರಲಿ. ಚಿತ್ರಗಳನ್ನೆಲ್ಲ ಹರಡಿ, "ಇದರಲ್ಲಿ ಯಾವುದು ಇರಬೇಕು, ಯಾವುದು ಬುಟ್ಟಿಯಾಗಬೇಕು?" ಎಂದು ಕೇಳಿ. "ಬಿಸಾಡುವುದು" ಎಂಬ ಮಾತೇ ಬೇಡ. ನಿಜಕ್ಕೂ ನಾವು ಏನನ್ನೂ ಬಿಸಾಡುತ್ತಿಲ್ಲ. ಹತ್ತು ಹನ್ನೆರಡು ಚಿತ್ರ ಉಳಿದರೆ ಸಾಕು. ಕೊಡಲು ಒಪ್ಪಿದ ಚಿತ್ರಗಳಿಗೂ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇಲ್ಲಿ ಇನ್ನೊಂದು ಮಾತು. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಎಷ್ಟೋ ಸಂಸಾರಗಳು ಕೊಯ್ಲಿಗೆಂದು ಬಂದು, ಕೊಯ್ಲು ಮುಗಿದ ಮೇಲೆ ಬೇರೆ ತೋಟಕ್ಕೋ ಸ್ವಂತ ಊರಿಗೋ ಹೊರಡುತ್ತವೆ. ಆ ಮಕ್ಕಳೂ ಶಾಲೆಯಲ್ಲಿ ಚಿತ್ರ ಬರೆಯುತ್ತಾರೆ. ನಲಿ-ಕಲಿ ತರಗತಿಯ ಚಪ್ಪರದ ದಾರಕ್ಕೆ ಅವರ ಹಾಳೆಯೂ ತೂಗುತ್ತದೆ. ಊರು ಬಿಡುವ ದಿನ ಪಾತ್ರೆ ಬಟ್ಟೆ ಗಂಟಿನಲ್ಲಿ ಹೋಗುತ್ತವೆ, ಹಾಳೆ ಹೋಗುವುದಿಲ್ಲ. ಹಾಳೆ ಮಡಿಕೆಯಾಗುತ್ತದೆ, ಹರಿಯುತ್ತದೆ, ನೆನೆಯುತ್ತದೆ. ಆದರೆ ಒಂದು ಬುಟ್ಟಿಯಾದರೆ ಅದರೊಳಗೆ ಬಳೆ, ಬಾಚಣಿಗೆ, ಪೆನ್ಸಿಲ್ ಹಾಕಿಕೊಂಡು ಹೋಗಬಹುದು. ಈ ಕೆಲಸವನ್ನು ನೀವು ತೋಟದ ಮನೆಯಲ್ಲಿ ಮಾಡುವುದಾದರೆ ಲೈನಿನ ಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ. ಕಾಗದಕ್ಕಂತೂ ಕೊರತೆ ಬಾರದು.

ಅಂಟಿಲ್ಲದ ಅಂಟು

ಒಂದು ಹಾಳೆ ಯಾವುದರಿಂದ ಹಿಡಿದು ನಿಂತಿದೆ? ಅಂಟಿನಿಂದ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಕಾಗದವೆಂದರೆ ಮರ, ಬಿದಿರು ಅಥವಾ ಕಬ್ಬಿನ ಸಿಪ್ಪೆಯಿಂದ ಬಂದ ಸೆಲ್ಯುಲೋಸ್ ಎಳೆಗಳು. ಒಂದೊಂದು ಎಳೆಯೂ ಒಂದರಿಂದ ಮೂರು ಮಿಲಿಮೀಟರ್ ಉದ್ದ. ನೀರಿನಲ್ಲಿ ತೇಲುತ್ತಿರುವ ಈ ಎಳೆಗಳನ್ನು ಜರಡಿಯಲ್ಲಿ ಹಿಡಿದು ಒಣಗಿಸಿದಾಗ, ನೀರು ಆರುತ್ತಾ ಹೋದಂತೆ ಎಳೆಗಳು ಒಂದರ ಹತ್ತಿರ ಒಂದು ಸರಿಯುತ್ತವೆ. ತೀರ ಹತ್ತಿರ ಬಂದಾಗ ಅವುಗಳ ನಡುವೆ ಜಲಜನಕದ ಬಂಧ ಏರ್ಪಡುತ್ತದೆ. ಒಂದೊಂದು ಬಂಧವೂ ದುರ್ಬಲ, ಆದರೆ ಅವುಗಳ ಸಂಖ್ಯೆ ಅಪಾರ. ಹಾಳೆಗೆ ಮುಖ್ಯವಾದ ಗಟ್ಟಿತನ ಬರುವುದು ಇದರಿಂದ. ಮತ್ತೆ ನೀರು ಸೇರಿದರೆ ಬಂಧ ಬಿಡುತ್ತದೆ. ಒದ್ದೆ ಕಾಗದ ಸುಲಭವಾಗಿ ಹರಿಯುವುದು ಇದಕ್ಕೇ, ಹಳೆಯ ಕಾಗದ ಹೊಸ ಕಾಗದವಾಗುವುದೂ ಇದಕ್ಕೇ.

ಹಾಗಾದರೆ ಎಷ್ಟು ಸಲ ಬೇಕಾದರೂ ಹೀಗೆ ಮಾಡಬಹುದೇ? ಇಲ್ಲ. ಪ್ರತಿ ಸಲ ಅರೆದಾಗಲೂ ಎಳೆ ತುಂಡಾಗುತ್ತದೆ, ಪ್ರತಿ ಸಲ ಒಣಗಿದಾಗಲೂ ಸ್ವಲ್ಪ ಬಿರುಸಾಗಿ ಮೊದಲಿನಷ್ಟು ಚೆನ್ನಾಗಿ ಬೆಸೆಯುವುದಿಲ್ಲ. ಸಾಮಾನ್ಯವಾಗಿ ಐದರಿಂದ ಏಳು ಸಲ ಎಂದು ಲೆಕ್ಕ. ಅಲ್ಲಿಂದ ಮುಂದೆ ಅದಕ್ಕೆ ಒಂದು ಆಸರೆ ಬೇಕು. ಮೆಂತ್ಯ ಬರುವುದು ಅಲ್ಲಿ.

ಯಾವ ಕಾಗದ, ಎಂಥದ್ದು ಎಂಬುದೂ ಮುಖ್ಯ. ನೋಟ್ ಪುಸ್ತಕದ ಹಾಳೆ ಎಲ್ಲಕ್ಕಿಂತ ಒಳ್ಳೆಯದು. ಎಳೆ ಗಟ್ಟಿ, ಬಣ್ಣ ಬಿಳಿ. ದಿನಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಹಾಗೆಯೇ ಉಳಿದಿರುತ್ತದೆ. ಬಿಸಿಲಿಗೆ ಹಳದಿಯಾಗುವುದು ಅದರಿಂದ. ಬುಟ್ಟಿಗೆ ಪರವಾಗಿಲ್ಲ, ಬರೆಯುವ ಹಾಳೆಗೆ ಬೇಡ. ಇಲ್ಲಿ ಭದ್ರಾವತಿಯನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಿಂದ ಪತ್ರಿಕಾ ಮುದ್ರಣದ ಕಾಗದವನ್ನೂ ಕೊಟ್ಟಿತು. 2015ರ ಹೊತ್ತಿಗೆ ಅಲ್ಲಿಯ ಯಂತ್ರಗಳು ನಿಂತವು. ನಿಮ್ಮ ಅಟ್ಟದ ಮೇಲಿನ ಹಳೆಯ ಕಟ್ಟುಗಳಲ್ಲಿ ಭದ್ರಾವತಿಯ ಎಳೆ ಇನ್ನೂ ಇದ್ದೀತು.

ಮಿರಮಿರ ಮಿಂಚುವ ವಾರಪತ್ರಿಕೆ, ಜಾಹೀರಾತಿನ ಹಾಳೆ ಬೇಡ. ಅದರ ಮೇಲೆ ಜೇಡಿಮಣ್ಣಿನ ಲೇಪವಿರುತ್ತದೆ, ಅರೆದರೆ ಮಣ್ಣೇ ಹೆಚ್ಚು ಸಿಗುತ್ತದೆ. ಲಗ್ನಪತ್ರಿಕೆಯ ಚಿನ್ನದ ಬಣ್ಣದ ಭಾಗವನ್ನೂ ಪ್ಲಾಸ್ಟಿಕ್ ಪೊರೆಯನ್ನೂ ಕಿತ್ತುಹಾಕಿ. ಕಡ್ಡಾಯವಾಗಿ ಬಿಡಬೇಕಾದದ್ದು ಅಂಗಡಿ, ಪೆಟ್ರೋಲ್ ಬಂಕ್, ಎ.ಟಿ.ಎಂ. ಯಂತ್ರಗಳಿಂದ ಬರುವ ನುಣುಪಾದ ಚೀಟಿ. ಶಾಖದಿಂದ ಅಕ್ಷರ ಮೂಡುವ ಆ ಕಾಗದದ ಲೇಪದಲ್ಲಿ ಬಿಸ್ಫಿನಾಲ್ ಜಾತಿಯ ರಾಸಾಯನಿಕ ಇರುವುದುಂಟು. ಮಕ್ಕಳು ಕೈಹಾಕಿ ಕಲಸುವ ರಸಕ್ಕೆ ಅದು ಸೇರಬಾರದು. ಗುರುತಿಸುವುದು ಸುಲಭ: ಉಗುರಿನಿಂದ ಜೋರಾಗಿ ಗೀರಿ. ಕಪ್ಪು ಗೆರೆ ಮೂಡಿದರೆ ಅದೇ ಕಾಗದ.

ಮಕ್ಕಳ ಚಿತ್ರಗಳು ನೀರಿನಲ್ಲಿ ಒಂದೊಂದು ಒಂದೊಂದು ರೀತಿ ವರ್ತಿಸುತ್ತವೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಸ್ಕೆಚ್ ಪೆನ್ನಿನ ಬಣ್ಣ ಕರಗಿ ರಸಕ್ಕೆಲ್ಲ ಬಣ್ಣ ಬರುತ್ತದೆ. ನೀರಿನ ಬಣ್ಣವೂ ಹಾಗೆಯೇ. ಬಳಪ, ಅಂದರೆ ಕ್ರೇಯಾನ್, ಮೇಣದ್ದು. ಕರಗುವುದಿಲ್ಲ, ಪುಡಿಯಾಗಿ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತದೆ. ಪೆನ್ಸಿಲಿನ ಗೆರೆ ಸುಮ್ಮನೆ ಬೂದುಬಣ್ಣ ಕೊಡುತ್ತದೆ. ಮೂರನ್ನೂ ಮೂರು ಲೋಟದಲ್ಲಿ ಬೇರೆ ಬೇರೆ ನೆನೆಹಾಕಿ ಏನಾಗುತ್ತದೆಂದು ಮಕ್ಕಳೇ ಹೇಳಲಿ. ಕ್ರೇಯಾನ್ ಚಿತ್ರಗಳ ರಸದಿಂದ ಎತ್ತಿದ ಹಾಳೆಯಲ್ಲಿ ಕೆಂಪು, ನೀಲಿ, ಹಸಿರು ಚುಕ್ಕೆಗಳು ಚದುರಿ ಬಹಳ ಚಂದ ಕಾಣುತ್ತವೆ.

ಮೊರಕ್ಕೆ ಮೆತ್ತುವ ವಿದ್ಯೆ

ಮೇದರು ಹೆಣೆದ ಬಿದಿರಿನ ಮೊರ ಹಳತಾದಾಗ ಸಂದು ಬಿಡುತ್ತದೆ. ರಾಗಿ, ಸಾಸಿವೆಯಂಥ ಸಣ್ಣ ಕಾಳು ಸೋರಿಹೋಗುತ್ತದೆ. ಆಗ ಮನೆಯ ಹೆಂಗಸರು ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಿ, ಮೊರಕ್ಕೆ ಒಳಗೂ ಹೊರಗೂ ಮೆತ್ತುತ್ತಿದ್ದರು. ಒಣಗಿದ ಮೇಲೆ ಮೊರ ಹಲಗೆಯಂತೆ ಗಟ್ಟಿ. ಅದೇ ರಸವನ್ನು ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಬಿಡಿಸಿದರೆ ಬಿದಿರೇ ಇಲ್ಲದ ಕಾಗದದ ಬುಟ್ಟಿ. ಪ್ಲಾಸ್ಟಿಕ್ ಮೊರ ಬಂದ ಮೇಲೆ ಈ ಕೆಲಸ ಬಹುತೇಕ ಮನೆಗಳಲ್ಲಿ ನಿಂತಿತು. ನಿಮ್ಮ ಮನೆಯಲ್ಲಿ ಇದನ್ನು ಕಂಡ ಹಿರಿಯರಿದ್ದರೆ ಮುಂದಿನ ಸಾಲುಗಳನ್ನು ಬಿಟ್ಟು ಅವರನ್ನೇ ಕೂರಿಸಿಕೊಂಡು ಕೇಳಿ. ಅವರ ಕೈಯ ಅಳತೆ ನನ್ನ ಅಳತೆಗಿಂತ ಮೇಲು.

ಮೆಂತ್ಯವೇ ಯಾಕೆ? ಮೆಂತ್ಯಕಾಳಿನ ತೂಕದಲ್ಲಿ ಸುಮಾರು ಕಾಲುಭಾಗ ಗ್ಯಾಲಕ್ಟೊಮನ್ನಾನ್ ಎಂಬ ಲೋಳೆ ಪದಾರ್ಥ. ನೆನೆಸಿದ ಮೆಂತ್ಯ ಜಾರುವುದು ಅದರಿಂದಲೇ. ಸೆಲ್ಯುಲೋಸಿನಂತೆ ಇದೂ ಸಕ್ಕರೆಯ ಅಣುಗಳ ಉದ್ದ ಸರಪಳಿ. ಹಾಗಾಗಿ ಕಾಗದದ ಎಳೆಗೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ತುಂಡಾದ ಎಳೆಗಳ ನಡುವೆ ಸೇತುವೆಯಂತೆ ನಿಲ್ಲುತ್ತದೆ. ಇದೇ ಜಾತಿಯ ಗೋರಿಕಾಯಿ ಬೀಜದ ಅಂಟನ್ನು, ಅಂದರೆ ಗ್ವಾರ್ ಗೋಂದನ್ನು, ಕಾಗದದ ಕಾರ್ಖಾನೆಗಳಲ್ಲೂ ಬಳಸುತ್ತಾರೆ. ನಮ್ಮ ಅಜ್ಜಿಯರು ಕಾರ್ಖಾನೆ ನೋಡಿ ಕಲಿತದ್ದಲ್ಲ! ಜೊತೆಗೆ ಮೆಂತ್ಯದ ಕಹಿಗೆ ಹುಳು ಬೇಗ ಬಾಯಿ ಹಾಕುವುದಿಲ್ಲ ಎಂಬುದು ಹಿಂದಿನವರ ಅನುಭವ. ಮೈದಾ ಗೋಂದು ಇದಕ್ಕೆ ತೀರ ವಿರುದ್ಧ. ಹುಳುವಿಗೆ ಅದು ಹಬ್ಬದೂಟ.

ಈಗ ಮಾಡುವ ಕ್ರಮ. ಅರ್ಧ ಕಿಲೋ ಒಣ ಕಾಗದ ತೆಗೆದುಕೊಳ್ಳಿ. ಕತ್ತರಿಯಿಂದ ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಕತ್ತರಿಸಿದರೆ ಎಳೆ ತುಂಡಾಗುತ್ತದೆ, ಹರಿದರೆ ಎಳೆ ಬಿಟ್ಟುಕೊಳ್ಳುತ್ತದೆ. ಹರಿಯುವ ಕೆಲಸಕ್ಕೆ ಎರಡು ವರ್ಷದ ಮಗುವೂ ಆದೀತು. ಸ್ಟೇಪಲ್ ಪಿನ್ನುಗಳನ್ನು ಮಾತ್ರ ದೊಡ್ಡವರೇ ತೆಗೆದುಬಿಡಿ. ಬಕೆಟ್ಟಿನಲ್ಲಿ ಮೂರು ದಿನ ನೆನೆಯಲಿ, ದಿನವೂ ನೀರು ಬದಲಾಯಿಸಿ. ಇಲ್ಲವಾದರೆ ನಾತ ಬರುತ್ತದೆ. ಪರದೆಯ ಮೇಲೆ ಇದನ್ನು ತೋರಿಸುವಾಗ ನಾವು "ಮೊದಲೇ ನೆನೆಸಿಟ್ಟ ಕಾಗದ ಇಲ್ಲಿದೆ" ಎಂದು ಮೂರು ದಿನವನ್ನು ಮೂರು ಸೆಕೆಂಡಿನಲ್ಲಿ ದಾಟಿಬಿಡುತ್ತೇವೆ. ಮನೆಯಲ್ಲಿ ಮೂರು ದಿನ ಎಂದರೆ ಮೂರು ದಿನ. ಮಕ್ಕಳು ದಿನಕ್ಕೆ ಹತ್ತು ಸಲ ಬಂದು ಕೈ ಅದ್ದಿ ನೋಡುತ್ತಾರೆ. ನೋಡಲಿ.

ಎರಡನೆಯ ರಾತ್ರಿ 50 ಗ್ರಾಂ ಮೆಂತ್ಯವನ್ನು ನೆನೆಹಾಕಿ. ಹತ್ತು ಪಾಲು ಕಾಗದಕ್ಕೆ ಒಂದು ಪಾಲು ಮೆಂತ್ಯ ಎಂಬ ಲೆಕ್ಕದಿಂದ ಆರಂಭಿಸಿ, ಹಳೆಯ ಪತ್ರಿಕೆಯೇ ಹೆಚ್ಚಿದ್ದರೆ ಇನ್ನಷ್ಟು ಸೇರಿಸಬಹುದು. ಮೂರನೆಯ ದಿನ ಕಾಗದವನ್ನು ಹಿಂಡಿ, ಮೆಂತ್ಯದ ಜೊತೆ ಒರಳಿನಲ್ಲಿ ಅಥವಾ ಗ್ರೈಂಡರಿನಲ್ಲಿ ರುಬ್ಬಿ. ಮಿಕ್ಸಿಯಾದರೆ ಸ್ವಲ್ಪ ಸ್ವಲ್ಪ ಕಾಗದಕ್ಕೆ ತುಂಬ ನೀರು ಹಾಕಿ ತಿರುಗಿಸಿ, ಆಮೇಲೆ ಬಟ್ಟೆಯಲ್ಲಿ ಸೋಸಿ. ಕಡಿಮೆ ನೀರಿನಲ್ಲಿ ತಿರುಗಿಸಿದರೆ ಮಿಕ್ಸಿಯ ಮೋಟಾರು ಸುಡುತ್ತದೆ. ಒಂದು ಚಮಚ ಅರಿಶಿನ ಸೇರಿಸುವುದು ವಾಡಿಕೆ. ರಸ ಚಪಾತಿ ಹಿಟ್ಟಿಗಿಂತ ಮೆತ್ತಗೆ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿರಬೇಕು. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ಹರಿಯಬಾರದು.

ಬಾಯಿ ಅಗಲವಾದ ಸ್ಟೀಲ್ ಬೋಗುಣಿಯನ್ನು ಬೋರಲು ಹಾಕಿ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ. ಕಂಠ ಸಣ್ಣಗಿರುವ ಚೊಂಬು, ಬಿಂದಿಗೆ ಬೇಡ, ಆಮೇಲೆ ಬಿಡಿಸಲು ಬರುವುದಿಲ್ಲ. ಬಟ್ಟೆಯ ಮೇಲೆ ರಸವನ್ನು ಅಂಗೈಯಿಂದ ಒತ್ತಿ ಒತ್ತಿ ಮೆತ್ತಿ, ಅರ್ಧ ಸೆಂಟಿಮೀಟರ್ ದಪ್ಪ ಸಾಕು. ದಪ್ಪ ಹೆಚ್ಚಾದಷ್ಟೂ ಒಣಗುವುದು ನಿಧಾನ. ಮಲೆನಾಡಿನಲ್ಲಿ ನಿಧಾನ ಎಂದರೆ ಬೂಷ್ಟು. ಅಂಚಿನ ಕಡೆ ಮಾತ್ರ ಸ್ವಲ್ಪ ಹೆಚ್ಚು ಇರಲಿ. ಒಂದು ದಿನದ ಬಿಸಿಲಿಗೆ ಹೊರಮೈ ಬಿಗಿಯುತ್ತದೆ. ಆಗ ಬಟ್ಟೆಸಮೇತ ಎತ್ತಿ, ಬಟ್ಟೆ ಬಿಡಿಸಿ, ಒಳಮೈಯನ್ನು ಇನ್ನೆರಡು ಮೂರು ದಿನ ಒಣಗಿಸಿ. ಒಣಗುವಾಗ ಬುಟ್ಟಿ ಕುಗ್ಗುತ್ತದೆ. ಪೂರ್ತಿ ಒಣಗುವವರೆಗೆ ಪಾತ್ರೆಯ ಮೇಲೆಯೇ ಬಿಟ್ಟರೆ ಸೀಳುವುದು ಇದರಿಂದಲೇ.

ಮಗುವಿನ ಚಿತ್ರ ಬರುವುದು ಇದರ ಮೇಲೆ. ಎರಡು ದಾರಿಗಳಿವೆ. ಮಗು ಬುಟ್ಟಿಯ ಮೇಲೆಯೇ ನೇರ ಬರೆಯಬಹುದು. ಕೆಮ್ಮಣ್ಣು ಕಲಸಿ ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬರೆದರೆ ಎದ್ದು ಕಾಣುತ್ತದೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯನ್ನು ಸಿದ್ಧಪಡಿಸುವುದು ಹೀಗೆಯೇ: ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿಯ ಬಿಳಿಯಲ್ಲಿ ಚಿತ್ತಾರ. ಮಕ್ಕಳಿಗೆ ಆ ಬುಟ್ಟಿಯ ಒಂದು ಫೋಟೋ ತೋರಿಸಿ. ಆದರೆ ಅದನ್ನೇ ನಕಲು ಮಾಡಿಸಬೇಡಿ. ತ್ರಿಕೋನದ ಬೆಟ್ಟದ ಗತಿ ಅದಕ್ಕೂ ಬರಬಾರದು.

ಎರಡನೆಯ ದಾರಿ, ಬರೆದ ಚಿತ್ರವನ್ನೇ ಅಂಟಿಸುವುದು. ಇಲ್ಲಿ ಎಚ್ಚರ ಬೇಕು. ಸ್ಕೆಚ್ ಪೆನ್ನಿನ ಚಿತ್ರಕ್ಕೆ ಅಂಟು ತಾಗಿದರೆ ಬಣ್ಣ ಕದಡಿ ಹೋಗುತ್ತದೆ. ಅಂಥ ಚಿತ್ರವನ್ನು ಅಂಟಿಸಲೇಬೇಡಿ, ಅದರದೊಂದು ಜೆರಾಕ್ಸ್ ಮಾಡಿಸಿ. ಜೆರಾಕ್ಸಿನ ಕಪ್ಪು ಪುಡಿ ಪ್ಲಾಸ್ಟಿಕ್ ಜಾತಿಯದು, ಕಾಗದಕ್ಕೆ ಶಾಖದಿಂದ ಬೆಸೆದಿರುತ್ತದೆ, ನೀರಿಗೆ ಕದಲದು. ಕಪ್ಪು ಬಿಳುಪಿನ ಜೆರಾಕ್ಸಿಗೆ ಮಗು ಮತ್ತೆ ಕ್ರೇಯಾನ್ ತುಂಬಲಿ. ಅಸಲು ಚಿತ್ರ ಪೆಟ್ಟಿಗೆಯಲ್ಲಿ ಭದ್ರ, ಜೆರಾಕ್ಸು ಬುಟ್ಟಿಯ ಮೇಲೆ. ಇಂಕ್ ಸಿಂಪಡಿಸುವ ಪ್ರಿಂಟರಿನಲ್ಲಿ ತೆಗೆದ ಪ್ರತಿಯಾದರೆ ಮಾತ್ರ ಅದೂ ಕದಡೀತು. ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ. ಅಂಟಿಗೆ ಮೆಂತ್ಯದ ಲೋಳೆಯೇ ಸಾಕು, ಇಲ್ಲವೇ ಹುಣಸೆ ಬೀಜದ ಅಂಟು: ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿಮಾಡಿ, ನೀರಿನಲ್ಲಿ ಕುದಿಸಿದ್ದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವುದು ಈ ಹುಣಸೆ ಬೀಜದ ಅಂಟನ್ನೇ.

ತೋಟದ ಮನೆಗಳವರಿಗೆ ಒಂದು ಎಚ್ಚರಿಕೆ. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ನಿಮ್ಮ ಗೋದಾಮಿನಲ್ಲಿ ಧಾರಾಳವಾಗಿ ಇರುತ್ತದೆ. ಅದನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ.

ಬುಟ್ಟಿಯಲ್ಲಿ ತಿಂಡಿ ಇಡಬಹುದೇ ಎಂದು ಖಂಡಿತ ಕೇಳುತ್ತೀರಿ. ಬೇಡ. ಮುದ್ರಣದ ಶಾಯಿ ಆಹಾರಕ್ಕೆ ಸೇರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲಿಯೇ ದಿನಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ತಿಳಿವಳಿಕೆ ಹೊರಡಿಸಿತು. ಹಿಂದೆ ಕಾಳು ಹಾಕುತ್ತಿದ್ದರು, ನಿಜ. ಈಗ ಗೊತ್ತಾದ ಮೇಲೆ ಬೀಗದಕೈ, ನೂಲುಂಡೆ, ಆಟದ ಸಾಮಾನು ಹಾಕಿದರೆ ಸಾಕು.

ಹಾಳೆ ಎತ್ತುವುದು

ಬುಟ್ಟಿಯಷ್ಟೇ ಖುಷಿ ಹಾಳೆ ಎತ್ತುವುದರಲ್ಲೂ ಇದೆ. ಒಂದು ಅಗಲವಾದ ತೊಟ್ಟಿ ಅಥವಾ ಟಬ್ಬಿನಲ್ಲಿ ನೀರು ತುಂಬಿ ಮೂರು ನಾಲ್ಕು ಹಿಡಿ ನುಣ್ಣಗಿನ ರಸ ಕದಡಿ. ಕಿಟಕಿಗೆ ಹಾಕುವ ಸೊಳ್ಳೆ ಪರದೆಯ ಜಾಲರಿಯನ್ನು ಮರದ ಚೌಕಟ್ಟಿಗೆ ಬಿಗಿದುಕೊಳ್ಳಿ. ಚೌಕಟ್ಟು ಇಲ್ಲದಿದ್ದರೆ ಹಿಟ್ಟಿನ ಜರಡಿಯೇ ಆಗುತ್ತದೆ, ಹಾಳೆ ದುಂಡಗೆ ಬರುತ್ತದೆ, ಮಕ್ಕಳಿಗೆ ಅದೇ ಇಷ್ಟ. ಜರಡಿಯನ್ನು ನೀರಿನೊಳಗೆ ಓರೆಯಾಗಿ ಇಳಿಸಿ, ಮಟ್ಟ ಮಾಡಿ, ಮೇಲೆತ್ತಿ. ಎತ್ತುವಾಗ ಹಿಂದೆ ಮುಂದೆ, ಆಚೆ ಈಚೆ ಒಂದೊಂದು ಸಲ ಮೆಲ್ಲಗೆ ಅಲುಗಿಸಿ. ಎಳೆಗಳು ಅಡ್ಡಡ್ಡ ಹೆಣೆದುಕೊಳ್ಳುತ್ತವೆ. ನೀರು ಬಸಿದ ಮೇಲೆ ಹಳೆಯ ಹತ್ತಿ ಸೀರೆಯ ತುಂಡಿನ ಮೇಲೆ ಬೋರಲು ಹಾಕಿ ಹಿಂದಿನಿಂದ ಬಟ್ಟೆಯಲ್ಲಿ ಒತ್ತಿ. ಹಾಳೆ ಬಟ್ಟೆಗೆ ಇಳಿಯುತ್ತದೆ. ಹೀಗೆ ಐದಾರು ಪದರ ಆದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಮಕ್ಕಳೆಲ್ಲ ಹತ್ತಿ ನಿಂತುಕೊಳ್ಳಲಿ. ಎಳೆಗಳನ್ನು ಹತ್ತಿರ ತರುವುದು ಈ ಒತ್ತಡವೇ.

ಲೆಕ್ಕ ಬೇಕೆನ್ನುವವರಿಗೆ: ನೋಟ್ ಪುಸ್ತಕದ ಎ-4 ಅಳತೆಯ ಒಂದು ಹಾಳೆ ಸುಮಾರು ನಾಲ್ಕು ಗ್ರಾಂ ತೂಗುತ್ತದೆ. ಶುಭಾಶಯ ಪತ್ರಕ್ಕಾಗುವಷ್ಟು ದಪ್ಪದ ಅದೇ ಅಳತೆಯ ಹಾಳೆಗೆ ಇಂಥ ಮೂರು ಹಾಳೆಗಳ ರಸ ಬೇಕು. ಹಬ್ಬಕ್ಕೆ ಊರಿನ ನೆಂಟರಿಗೆ ಮಗು ಈ ಹಾಳೆಯ ಮೇಲೆ ಬರೆದು ಕಳಿಸಲಿ. ಶಾಯಿ ಹರಡಿದರೆ ಹಾಳೆಗೆ ತೆಳುವಾದ ಗಂಜಿ ಸವರಿ ಒಣಗಿಸಿ, ಸರಿಹೋಗುತ್ತದೆ.

ಲಗ್ನಪತ್ರಿಕೆಗಳ ದಪ್ಪ ರಟ್ಟನ್ನು ಅರೆಯುವುದು ವ್ಯರ್ಥ. ಒಂದೇ ಅಳತೆಗೆ ಕತ್ತರಿಸಿ, ಬಟ್ಟೆಯ ಪಟ್ಟಿಯಿಂದ ಸಾಲಾಗಿ ಜೋಡಿಸಿದರೆ ಮಡಚುವ ಪುಸ್ತಕವಾಗುತ್ತದೆ. ಉಳಿಸಲು ಆರಿಸಿದ ಹತ್ತು ಹನ್ನೆರಡು ಚಿತ್ರಗಳನ್ನು ಅದರಲ್ಲಿ ನಾಲ್ಕು ಮೂಲೆಗೆ ಮಾತ್ರ ಸಿಕ್ಕಿಸಿ. ಹಿಂಭಾಗಕ್ಕೆಲ್ಲ ಗೋಂದು ಬಳಿಯಬೇಡಿ.

ಬಿಸಿಲು ಎಲ್ಲಿಂದ ತರುವುದು

ಮಲೆನಾಡಿನಲ್ಲಿ ಈ ಕೆಲಸಕ್ಕೆ ಕಾಲ ನೋಡಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿಗೆ ಕೊರತೆಯಿಲ್ಲ, ಆದರೆ ಕಣದ ತುಂಬ ಕಾಫಿ, ಮೆಣಸು ಹರಡಿರುತ್ತದೆ, ದೊಡ್ಡವರಿಗೆ ಪುರುಸೊತ್ತಿರುವುದಿಲ್ಲ. ಏಪ್ರಿಲ್ ಹೊತ್ತಿಗೆ ಕಣ ಖಾಲಿ, ಶಾಲೆಗೆ ರಜೆ. ಸಂಜೆಯ ಹೂಮಳೆ ಒಂದನ್ನು ನೋಡಿಕೊಂಡರೆ ಅದೇ ಸರಿಯಾದ ಕಾಲ. ಸಿಮೆಂಟಿನ ಕಣದ ಮೇಲೆ ನೇರ ಇಡಬೇಡಿ, ಗೋಣಿಚೀಲ ಹಾಸಿ ಇಡಿ, ಅಡಿಯಿಂದಲೂ ಗಾಳಿ ಆಡಲಿ. ಮೂರು ಗಂಟೆಗೆಲ್ಲ ಒಳಗೆ ತನ್ನಿ.

ದಸರಾ ರಜೆಯಲ್ಲಿ ಮಾಡುವುದಾದರೆ ಬಿಸಿಲನ್ನು ನಂಬಬೇಡಿ. ಹಂಡೆ ಒಲೆಯ ಬಚ್ಚಲುಮನೆ ಇದ್ದರೆ, ಒಲೆಯಿಂದ ಮೂರು ನಾಲ್ಕು ಅಡಿ ದೂರದ ಅಟ್ಟಣಿಗೆಯ ಮೇಲೆ ಇಡಿ. ಕಾಗದ ಬೆಂಕಿಗೆ ಹತ್ತಿರ ಬೇಡ, ಹೊಗೆಯ ನೇರಕ್ಕೂ ಬೇಡ. ಜೂನ್, ಜುಲೈಯಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಆಗ ಮಡಚುವ ಪುಸ್ತಕ ಮಾಡಿ, ಜೆರಾಕ್ಸಿಗೆ ಬಣ್ಣ ತುಂಬಿ, ಹರಿದ ಕಾಗದವನ್ನು ಚೀಲಕ್ಕೆ ತುಂಬಿಡಿ.

ಅಸಲು ಚಿತ್ರಗಳನ್ನು ಪೆಟ್ಟಿಗೆಗೆ ಹಾಕುವುದೂ ಮೇ ತಿಂಗಳ ಒಣ ದಿನವೇ ಆಗಬೇಕು. ಮಳೆ ಹಿಡಿದ ಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿದರೆ ತೇವವನ್ನೂ ಜೊತೆಗೇ ಕಟ್ಟಿಟ್ಟಂತೆ. ಬೆಳಗಿನ ನೆರಳಿನಲ್ಲಿ ಗಾಳಿಗೆ ಹರಡಿ, ಆಮೇಲೆ ತಗಡಿನ ಟ್ರಂಕಿನಲ್ಲಿ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಅದರೊಳಗೆ ಹಾಕಿ. ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಟ್ರಂಕು ಗೋಡೆಗೆ ತಾಗದಂತೆ, ನೆಲದಿಂದ ನಾಲ್ಕು ಇಟ್ಟಿಗೆಗಳ ಮೇಲೆ ಇರಲಿ. ಪ್ರತಿ ಚಿತ್ರದ ಹಿಂದೆ ಹೆಸರು, ವಯಸ್ಸು, ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚಿತ್ರ ಯಾವುದರದು ಎಂದು ಮಗು ಹೇಳುವ ಮಾತನ್ನೂ ಅದರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ. ಎರಡು ವರ್ಷ ಕಳೆದರೆ ಆ ದುಂಡು ಅಜ್ಜಿಯೋ ಎಮ್ಮೆಯೋ ಎಂದು ಮಗುವಿಗೇ ಮರೆತಿರುತ್ತದೆ.

ಕೆಲಸ ಮುಗಿದ ಮೇಲೆ ಟಬ್ಬಿನ ನೀರನ್ನು ಬಚ್ಚಲಿಗೆ ಹಾಗೆಯೇ ಸುರಿಯಬೇಡಿ, ಎಳೆ ಸೇರಿ ಕೊಳವೆ ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಬಿಸಿಲಿನಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ. ಮುಂದಿನ ಸಲ ಒಂದು ದಿನ ನೆನೆಸಿದರೆ ಅದೇ ರಸ ಸಿದ್ಧ.